ಸೋಮವಾರದ ಕಾರು

ನಮ್ಮ ಸಾವಕಾರ ರಾಯಪ್ಪನವರ ಕಾರಿಗೂ ಸೋಮವಾರ ರಜೆ. ಮೂಡಲಗಿಯಲ್ಲಿ ಅಂದು ಬಸವಣ್ಣನ ವಾರ, ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. “ಇದೂ ದುಡಿಯೂ ಎತ್ತ ಹೌದಲ್ಲೋ. ಇದಕ್ಕೂ ಒಂದ ದಿನ ಬ್ಯಾಡೇನು?” ಎಂದು ಅವರ ತಾಯಿ ಕಾಶೆವ್ವ ಹಟ ಹಿಡಿದಿದ್ದರು. ಸಾವಕಾರರು ನಕ್ಕರು. ಡ್ರೈವರನಾದ ನಾನು ಮಾತ್ರ ಮನಸ್ಸಿನಲ್ಲೇ ಆ ಮುದುಕಿಯ ಕಾಲಿಗೆ ಬಿದ್ದೆ.

ಏಕೆಂದರೆ ಅದು ಮುಂಬಯಿಯಲ್ಲಿ ಪಂದ್ಯ ಗೆದ್ದ ಹಳೆಯ ಕಾರು. ಮಾರಿದ ಸಾಹೇಬ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದ: ಎಂಜಿನ್ನಿನೊಳಗೆ ಬಟ್ಟೆ ಒತ್ತಿ ಮಾಡಿದ ಒಂದು ಹಲ್ಲಿನ ಗಾಲಿಯಿದೆ, ಈ ಜಾತಿಯ ಕಾರುಗಳಲ್ಲೆಲ್ಲ ಅದು ಒಂದು ದಿನ ಸುಳಿವಿಲ್ಲದೆ ಹಲ್ಲುದುರಿಸುತ್ತದೆ, ಕಾರು ಇದ್ದಲ್ಲೇ ನಿಲ್ಲುತ್ತದೆ. ಸಾವಕಾರರಿಗೆ ಹೇಳಿದರೆ, “ಓಡೂ ಗಾಡಿ ಯಾಕ ಬಿಚ್ಚತಿ?” ಎಂದರು. ದೊಡ್ಡವರ ಬುದ್ಧಿಯೇ ಹೀಗೆ, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು.

ಗೋಕಾಕದ ಕಂಚಗಾರ ಸತ್ತೆಪ್ಪನಿಂದ ಅದೇ ಅಳತೆಯ ಹಿತ್ತಾಳೆ ಗಾಲಿ ಎರಕ ಹೊಯ್ಯಿಸಿ ತಂದೆ. ಸೋಮವಾರ ಬಂತೆಂದರೆ ಬೇವಿನ ಕೆಳಗೆ ಕೂತು ಅರದಿಂದ ಉಜ್ಜಿ ಅದರ ಹಲ್ಲು ತಿದ್ದುತ್ತಿದ್ದೆ. ಹಿತ್ತಾಳೆಯ ಪುಡಿ ಬಿಸಿಲಲ್ಲಿ ಹಾರುವಾಗ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಕಾರು ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು, ಅದರ ಉಸಿರೂ ನನಗೆ ಕೇಳಿಸುತ್ತಿತ್ತು. ಕನಸು ಕಾಣಲು ಪಗಾರ ಕೊಡುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ.

ಏಳನೆಯ ಸೋಮವಾರ ಎಂಜಿನ್ನಿನ ಮುಂಭಾಗ ಬಿಚ್ಚಿ ಹಳೆಯ ಗಾಲಿ ಹೊರತೆಗೆದಿದ್ದೆ. ಹಿತ್ತಾಳೆಯದರಲ್ಲಿ ಇನ್ನು ಮೂರು ಹಲ್ಲು ತಿದ್ದುವುದಿತ್ತು. ಅಷ್ಟರಲ್ಲಿ ಸಾವಕಾರರು ಓಡಿ ಬಂದರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಇಂದ್ರವ್ವನಿಗೆ ಬೆಳಗಿನಿಂದ ಬೇನೆ. ಕೂಸು ಅಡ್ಡ ತಿರುಗಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಗೋಕಾಕದ ದವಾಖಾನೆಗೆ ಒಯ್ಯಬೇಕು.

“ಹಳೇದ ಹಾಕು! ಈಗಿಂದೀಗ!”

ಹಳೆಯ ಗಾಲಿ ನೋಡಲು ಚೆನ್ನಾಗಿಯೇ ಇತ್ತು. ಹೆಬ್ಬೆರಳಿನಿಂದ ಒತ್ತಿದೆ. ಒಂದು ಹಲ್ಲು ನೆನೆದ ರೊಟ್ಟಿಯಂತೆ ಕಿತ್ತು ಬಂತು.

“ಇದನ್ನ ಹಾಕಿದ್ರ ನಡುದಾರ್ಯಾಗ ನಿಲ್ತೈತ್ರಿ. ಒಂದ ತಾಸು ಕೊಡ್ರಿ” ಎಂದೆ. ಸಾವಕಾರರು ಹೊಡೆಯಲು ಕೈ ಎತ್ತಿದರು.

ಕಾಶೆವ್ವ ನಡುವೆ ಬಂದರು. “ರಾಯಾ, ಸುಮ್ನಿರು” ಎಂದು ನನ್ನತ್ತ ತಿರುಗಿದರು. “ನೀ ತಿದ್ದೋ ಬೀರಸಿದ್ದಾ.” ಆಮೇಲೆ ಕಾರಿನ ಮೂತಿ ಸವರಿ, “ಇವತ್ತೊಂದ ದಿನ ಏಳಪಾ ಬಸವಣ್ಣಾ. ನಿನ್ನ ವಾರ ನಿನಗ ಕೊಡತೇವಿ” ಎಂದರು. ಒಳಗಿನಿಂದ ಇಂದ್ರವ್ವನ ಕೂಗು ಕೇಳುತ್ತಲೇ ಇತ್ತು.

ತಾಸು ತುಂಬುವ ಮೊದಲೇ ಹೊರಟೆವು. ಬಟ್ಟೆಯ ಗಾಲಿ ಮೌನಿ, ಹಿತ್ತಾಳೆಯದು ಹಾಡತೊಡಗಿತು. ಜೋಳದ ಹೊಲಗಳು, ಜಾಲಿಯ ಗಿಡಗಳು ಆ ನಾದದಲ್ಲೇ ತೇಲಿ ಹಿಂದೆ ಸರಿದವು. ನಾನು ಕಾರು ಓಡಿಸಿದೆನೋ, ಅದೇ ನಮ್ಮನ್ನೆಲ್ಲ ಬೆನ್ನ ಮೇಲೆ ಹೊತ್ತೊಯ್ದಿತೋ, ಇಂದಿಗೂ ಗೊತ್ತಿಲ್ಲ. ಹೊತ್ತು ಇಳಿಯುವಾಗ ದವಾಖಾನೆಯೊಳಗೆ ಕೂಸು ಅತ್ತಿತು. ತಾಯಿಯೂ ಉಳಿದಳು. ನಾನು ಕಾರಿಗೆ ಒರಗಿ ಅತ್ತುಬಿಟ್ಟೆ.

ಕಾಶೆವ್ವನನ್ನು ಬಾಣಂತಿಯ ಹತ್ತಿರ ಬಿಟ್ಟು ನಾನೂ ಸಾವಕಾರರೂ ಊರಿಗೆ ಮರಳಿದೆವು. ಮರುದಿನ ಮಂಗಳವಾರ, ಅವರಿಗೆ ಹುಕ್ಕೇರಿಯಲ್ಲಿ ಅರಳೆ ವ್ಯಾಪಾರವಿತ್ತು. ಬೆಳಿಗ್ಗೆ ಕಾರು ಒರೆಸಿ, ಎಂಜಿನ್ ತಿರುಗಿಸುವ ಹ್ಯಾಂಡಲ್ ಹಿಡಿದು ಕಾಯುತ್ತಿದ್ದೆ. ಸಾವಕಾರರು ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಹುಕ್ಕೇರಿ ಬ್ಯಾಡ. ಇವತ್ತ ಸೋಮವಾರ” ಎಂದರು.

ಅವರ ಇನ್ನೊಂದು ಕೈಯಲ್ಲಿ ಹಸಿ ಮೇವಿನ ಸೂಡು ಇತ್ತು. ಬಗ್ಗಿ ಅದನ್ನು ಕಾರಿನ ಮುಂದಿಟ್ಟರು.