ತೋಳಿನ ಅಳತೆ

ಮಧ್ಯಾಹ್ನದ ಊಟ ಮುಗಿದಿತ್ತು. ದರ್ಜಿ ಹೆಂಗಸು ಯಾರದೋ ಕೋಟಿನ ಅಂಚು ಬಿಚ್ಚುತ್ತಿದ್ದಳು. ಕಿರಿಯ ಮಗ ಬಂದವನೇ ಹೊಲಿಗೆ ಯಂತ್ರದ ಮೇಲಿದ್ದ ಅವಳ ಫೋನನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ.

"ಹೌದು ಅಂತ ಒತ್ತಮ್ಮ. ಅಣ್ಣ ಆಗಲೇ ಒತ್ತಿದಾನೆ."

ಅವನ ಹೆಂಡತಿ ಮನೆ ಬಿಟ್ಟು ಎರಡು ತಿಂಗಳಾಗಿತ್ತು. ಅವಳ ನರ್ಸಿಂಗ್ ಪ್ರಮಾಣಪತ್ರ, ಹೊಸ ವಿಳಾಸ ಎಲ್ಲವೂ ಅವಳ ಫೋನಿನಲ್ಲಿ, ಅವಳದೇ ಬೀಗದಡಿ ಇದ್ದವು. ಈಗಿನ ಗುರುತಿನ ವ್ಯವಸ್ಥೆಯೇ ಹಾಗೆ. ಯಾವ ಕಚೇರಿಯ ಬಳಿಯೂ ನಕಲಿಲ್ಲ. ಫೋನು ಕಳೆದರೆ, ಮೊದಲೇ ಹೆಸರಿಸಿದ ಮೂವರು ನಂಬಿಗಸ್ತರಲ್ಲಿ ಇಬ್ಬರು ಹೌದೆಂದರೆ ಸಾಕು, ಎಲ್ಲವೂ ಹೊಸ ಫೋನಿಗೆ ಬರುತ್ತದೆ. ಮದುವೆಯಾದ ಹೊಸದರಲ್ಲಿ ಆ ಹುಡುಗಿ ಭಾವನನ್ನೂ ಅತ್ತೆಯನ್ನೂ ಒಬ್ಬ ಗೆಳತಿಯನ್ನೂ ಹೆಸರಿಸಿದ್ದಳು. ಮನೆಯವರನ್ನು ನಂಬಿದ್ದಳು, ಪಾಪ. ಈಗ ಗಂಡನೇ ಅವಳ ಹೆಸರಿನಲ್ಲಿ, ತನ್ನ ಇನ್ನೊಂದು ಫೋನಿನಿಂದ ಅರ್ಜಿ ಹಾಕಿದ್ದ.

"ಅವಳ ಫೋನೇನೂ ಕಳೆದಿಲ್ವಲ್ಲೋ."

"ನನ್ನ ಮಾನ ಕಳೆದಿದೆಯಲ್ಲ. ಎಲ್ಲಿದಾಳೆ ಅಂತ ಗಂಡನಿಗೆ ಗೊತ್ತಾಗಬಾರದಾ?"

ಸೊಸೆಯ ಮೇಲೆ ಅವಳಿಗೂ ಸಿಟ್ಟಿತ್ತು. "ನನಗಾದ್ರೂ ಒಂದು ಮಾತು ಹೇಳಬಹುದಿತ್ತು" ಎಂದು ಗೊಣಗುತ್ತ ಬೆರಳು ಮುಂದೆ ತಂದಳು.

"ಅದೇ ಅಂತೀನಿ. ವಿಳಾಸ ಒಂದು ಸಿಗಲಿ, ಆಮೇಲೆ ಬುದ್ಧಿ ಕಲಿಸ್ತೀನಿ."

ಬೆರಳು ನಿಂತಿತು. ಮೂವತ್ತು ವರ್ಷ ಹೆಂಗಸರ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟವಳು ಅವಳು. ಒಬ್ಬರ ಅಳತೆ ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಸೊಸೆಯ ಹಾಳೆಯೂ ಅದರಲ್ಲಿತ್ತು. ಮೊದಲ ವರ್ಷ ಅಂಗಿಯ ತೋಳು ಆರು ಇಂಚು. ಆಮೇಲೆ ಮೊಣಕೈವರೆಗೆ. ಕಳೆದ ಬೇಸಿಗೆಯಲ್ಲಿ, ಆ ಸೆಕೆಯಲ್ಲಿ, "ಮಣಿಕಟ್ಟಿನವರೆಗೆ ಇರಲಿ ಅತ್ತೆ" ಎಂದಿದ್ದಳು. ಯಾಕೆಂದು ಕೇಳದೆ ಹೊಲಿದುಕೊಟ್ಟಿದ್ದಳು ಈ ಮಹಾತಾಯಿ. ಆ ತೋಳು ಏನನ್ನು ಮುಚ್ಚುತ್ತಿದೆಯೆಂದು ಗೊತ್ತಿದ್ದೂ ಬಾಯಿ ಹೊಲಿದುಕೊಂಡಿದ್ದಳು.

"ನೀನು ಯಾರ ಕಡೆ ಅಮ್ಮ?"

"ಅಳತೆ ಕೊಟ್ಟವರ ಕಡೆ." ಫೋನು ಕಿತ್ತುಕೊಂಡು "ಇಲ್ಲ" ಒತ್ತಿದಳು.

"ಹೆತ್ತ ಮಗನಿಗಿಂತ ಅವಳು ಹೆಚ್ಚಾದಳಾ?"

"ಆ ಉದ್ದ ತೋಳು ಹೊಲಿದೋಳು ನಾನು ಕಣೋ. ಕೈಲಿ ಕತ್ತರಿ ಇದೆ, ದೂರ ನಿಲ್ಲು."

"ಇನ್ನು ಈ ಹೊಸ್ತಿಲು ತುಳಿಯಲ್ಲ."

"ಬಾಗಿಲು ಎಳ್ಕೊಂಡು ಹೋಗು."

ಅವನು ಹೋದ ಮೇಲೆ ಫೋನು ಇನ್ನೊಂದು ಪ್ರಶ್ನೆ ಕೇಳಿತು: ಇಂಥ ಅರ್ಜಿ ಬಂದಿತ್ತೆಂದು ಆ ಗುರುತಿನ ಒಡತಿಗೆ ತಿಳಿಸಬೇಕೇ? ತಿಳಿಸಿದರೆ ಆ ಹುಡುಗಿ ನಂಬಿಗಸ್ತರ ಪಟ್ಟಿಯಿಂದ ಭಾವನ ಹೆಸರು ತೆಗೆದುಹಾಕುತ್ತಾಳೆ. ಅತ್ತೆಯದನ್ನೂ ತೆಗೆದರೆ ತೆಗೆಯಲಿ. ಅವಳು ಕನ್ನಡಕ ಏರಿಸಿಕೊಂಡು "ಹೌದು" ಒತ್ತಿದಳು.