ಒಂದೇ ಮೇಜು

ಅವಳು ಗ್ರಂಥಾಲಯದಲ್ಲಿ ಗುಮಾಸ್ತೆ. ರಜಾದಿನ ಬೆಳಿಗ್ಗೆ ಬಟ್ಟೆಯನ್ನು ಫ್ರೇಮಿಗೆ ಬಿಗಿದು ಕಸೂತಿ ಯಂತ್ರಕ್ಕೆ ಕೊಟ್ಟಳು. ಅದು ತನ್ನ ಪಾಡಿಗೆ ನೀಲಿ ಹೂವು ಹೊಲಿಯುವುದನ್ನು ಗಂಟೆಗಟ್ಟಲೆ ಸುಮ್ಮನೆ ನೋಡುತ್ತ ಕೂತಳು. ಮಧ್ಯಾಹ್ನ ಆ ಹೂವನ್ನು ಚೀಲಕ್ಕೆ ಹಾಕಿಕೊಂಡು, ತುಂಡುಬಟ್ಟೆಯ ಕೌದಿ ಕಲಿಸುವ ತರಗತಿಗೆ ಮೊದಲ ಸಲ ಹೋದಳು.

ಅಲ್ಲಿ ಅವಳ ಅಕ್ಕ ಕೂತಿದ್ದಳು. ಆಸ್ಪತ್ರೆಯಲ್ಲಿ ಅಮ್ಮನನ್ನು ಯಾರು ಹೆಚ್ಚು ನೋಡಿಕೊಂಡರು ಎಂಬ ಜಗಳದಲ್ಲಿ ಇಬ್ಬರೂ ಎಣ್ಣೆ ಸೀಗೆಕಾಯಿ ಆಗಿದ್ದರು. ಅಮ್ಮ ಹೋಗಿ ಮೂರು ವರ್ಷ, ಮಾತು ಬಿಟ್ಟೂ ಅಷ್ಟೇ. ಇದೊಂದೂ ತಿಳಿಯದ ಟೀಚರ್ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ, "ಒಬ್ರು ಕತ್ತರಿಸಿ, ಇನ್ನೊಬ್ರು ಹೊಲೀರಿ" ಅಂದರು.

ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಳು ತಂಗಿ. ಏನೂ ಆಗಲಿಲ್ಲ.

"ಅಂಚು ಎಷ್ಟು ಬಿಡ್ಲಿ?" ಅಕ್ಕ ಕೇಳಿದಳು.

"ಕಾಲಿಂಚು."

ಸ್ವಲ್ಪ ಹೊತ್ತಿನ ಮೇಲೆ ಅಕ್ಕ, "ಆ ತುಂಡು ಉಲ್ಟಾ ಇಟ್ಟಿದೀಯ ನೋಡು" ಅಂದಳು. ತಂಗಿ ನೋಡಿದಳು, ಬಿಚ್ಚಿ ಮತ್ತೆ ಹೊಲಿದಳು.

ಸಂಜೆಗೆ ಒಂಬತ್ತು ತುಂಡುಗಳ ಚೌಕ ಸಿದ್ಧವಾಯಿತು, ನಡುವೆ ನೀಲಿ ಹೂವು. ಮೂಲೆಗಳು ಎಲ್ಲೂ ತಪ್ಪಿರಲಿಲ್ಲ. ಟೀಚರ್ ಅದನ್ನು ಎತ್ತಿ ತೋರಿಸಿ, "ಒಡಹುಟ್ಟಿದೋರ ಥರ ಹೊಂದಿಕೊಂಡಿದೀರಲ್ರೀ!" ಎಂದು ನಕ್ಕರು. ಅಕ್ಕ ಕತ್ತರಿಯನ್ನು ಡಬ್ಬಿಗೆ ಹಾಕಿದಳು, ತಂಗಿ ಉಳಿದ ದಾರ ಸುತ್ತಿಟ್ಟಳು.

"ನೀನೇ ಇಟ್ಕೊ," ಅಂದಳು ಅಕ್ಕ, ಚಪ್ಪಲಿ ಮೆಟ್ಟುತ್ತ.

"ಬೇಡ, ನೀನಿಟ್ಕೊ."

"ಮುಂದಿನ ವಾರ ಬರ್ತೀಯಾ?"

"ಬರ್ತೀನಿ."

ಚೌಕ ಮೇಜಿನ ಮೇಲೇ ಉಳಿಯಿತು. ಅಕ್ಕ ಬಸ್ಸು ಹತ್ತಿದಳು. ತಂಗಿ ನಡೆದೇ ಹೊರಟಳು. ಸಿಟ್ಟೋ ಅಳುವೋ ಬರಬಹುದೆಂದು ಮನೆ ತಲುಪುವವರೆಗೂ ಕಾದಳು. ಯಾವುದೂ ಬರಲಿಲ್ಲ.