ಎದುರು ಕೂತವನು

ಎಲೀಹಿಯೊನ ಕಣ್ಣಿನ ಪೊರೆ ತೆಗೆದು ಆರು ವಾರವಾಗಿತ್ತು. ಹೊಸ ಕಣ್ಣಿನಲ್ಲಿ ರಾಜಧಾನಿಯ ಹಳೇ ಪೇಟೆಯನ್ನೊಮ್ಮೆ ನೋಡೋಣ ಎಂದು ಉಬಾಲ್ದೊ ತಾನಾಗಿಯೇ ಮುಂದೆ ಬಂದು, ತನ್ನ ಕಾರಿನಲ್ಲೇ ಅವನನ್ನೂ ಅವನ ಹೆಂಡತಿ ಮಿರೇಯಾಳನ್ನೂ ತಮ್ಮೂರು ಮೋಕಾದಿಂದ ಸಾಂತೊ ದೊಮಿಂಗೊಗೆ ಕರೆತಂದಿದ್ದ. ಶನಿವಾರ ಬಂದು ಭಾನುವಾರ ವಾಪಸು.

ಎಲೀಹಿಯೊನ ಮಗಳಿಗೆ ಉಬಾಲ್ದೊ ಜ್ಞಾನತಂದೆ, ಚರ್ಚಿನಲ್ಲಿ ಅವಳ ಹೊಣೆ ಹೊತ್ತವನು. ಅವಳ ಜ್ಞಾನಸ್ನಾನದ ದಿನದವರೆಗೆ 'ನೀನು' ಎನ್ನುತ್ತಿದ್ದ ಗೆಳೆಯರು ಅಂದಿನಿಂದ ಒಬ್ಬರಿಗೊಬ್ಬರು 'ಕಂಪಾದ್ರೆ', 'ನೀವು'; ಮಿರೇಯಾ ಉಬಾಲ್ದೊಗೆ 'ಕೊಮಾದ್ರೆ'. ದೇವರ ಮುಂದೆ ಆದ ಸಂಬಂಧವದು. ಕಂಪಾದ್ರೆಗಳು ಜಗಳಕ್ಕೆ ಬೀಳುವುದನ್ನು ಮೋಕಾದಲ್ಲಿ ಪಾಪವೆಂದೇ ಎಣಿಸುತ್ತಾರೆ.

ಕೆಥೆಡ್ರಲ್ ನೋಡಿಯಾಯಿತು. ಎಲ್ ಕೊಂದೆ ಬೀದಿಯಲ್ಲಿ ಮಿರೇಯಾ ಬೀಸಣಿಗೆ ಕೊಂಡಳು. ಎಲೀಹಿಯೊಗೆ ಹವಳಗಲ್ಲಿನ ಗೋಡೆಗಳ ತೂತುಗಳೆಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೆ ಅವನ ಮಾತೆಲ್ಲ ನವೆಂಬರಿನದೇ.

"ಈ ಸಲ ಫೈನಲ್ ನಮ್ದೇ ಕಂಪಾದ್ರೆ. ಕಣ್ಣು ಸರಿ ಇದ್ದಿದ್ರೆ ಹೋದ ವರ್ಷಾನೇ ಆಗ್ತಿತ್ತು."

"ಮೊದ್ಲು ಊರು ನೋಡಿ ಕಂಪಾದ್ರೆ," ಎಂದ ಉಬಾಲ್ದೊ. "ನವೆಂಬರ್ ಎಲ್ಲಿಗೂ ಓಡಿಹೋಗಲ್ಲ."

ನವೆಂಬರಿನಲ್ಲಿ ರಾಷ್ಟ್ರೀಯ ಡಾಮಿನೊ ಪಂದ್ಯ. ಅದು ಜೋಡಿಗಳ ಆಟ. ಪ್ರತಿ ಬಿಲ್ಲೆಯಲ್ಲೂ ಎರಡು ಸಂಖ್ಯೆ; ಸಾಲಿನ ಎರಡು ತುದಿಗಳಲ್ಲೊಂದಕ್ಕೆ ಹೊಂದುವುದನ್ನೇ ಹಚ್ಚಬೇಕು, ಇಲ್ಲದವನು ಪಾಸು. ಜೊತೆಗಾರ ಪಕ್ಕದಲ್ಲಲ್ಲ, ಎದುರಿಗೆ ಕೂರುತ್ತಾನೆ. ಮಾತಿಲ್ಲ, ಸನ್ನೆಯಿಲ್ಲ, ಇಡುವ ಬಿಲ್ಲೆಯೇ ಮಾತು. ಇವರಿಬ್ಬರೂ ಎರಡು ಸಲ ಸೆಮಿಫೈನಲ್ ತಲುಪಿದ್ದರು. ಎಲೀಹಿಯೊ ಕಣ್ಣು ಕೊಯ್ಯಿಸಿಕೊಳ್ಳಲು ಒಪ್ಪಿದ್ದೂ ಮೂರನೆಯ ಸಲಕ್ಕಾಗಿಯೇ.

ದುವಾರ್ತೆ ಉದ್ಯಾನದ ಮರದಡಿ ಮೇಜು ಹಾಕಿಕೊಂಡು ಇಬ್ಬರು ಕೂತಿದ್ದರು. ಒಬ್ಬ ಹಲ್ಲುದುರಿದ ಮುದುಕ, ದೋನ್ ತೆಲ್ಮೊ. ಇನ್ನೊಬ್ಬ ಇಸ್ತ್ರಿ ಮಾಡಿದ ಅಂಗಿಯ ನಡುವಯಸ್ಕ, ರೊಸೆಂದೊ.

"ಇಬ್ರು ಬೇಕಾಗಿತ್ತು," ಎಂದ ಮುದುಕ. "ಎಲ್ಲಿಯವ್ರು? ಮೋಕಾ? ಪಾಪ, ಅಲ್ಲಿ ಬಾಳೆಕಾಯಿ ಬಿಟ್ರೆ ಬೇರೇನೂ ಬೆಳೆಯಲ್ಲ ಅಲ್ವಾ?"

"ಗಂಡಸ್ರೂ ಬೆಳೀತಾರೆ," ಎಂದ ಎಲೀಹಿಯೊ ಕುರ್ಚಿ ಎಳೆದು.

"ಜೋಡಿ ಕಲಸಿಕೊಂಡು ಆಡೋಣ, ತಮಾಷೆಗೆ," ಎಂದು ಉಬಾಲ್ದೊ ರೊಸೆಂದೊನ ಎದುರಿಗೆ ಹೋಗಿ ಕೂತ. ಎಲೀಹಿಯೊಗೆ ಮುದುಕನೇ ಜೊತೆ. ಮಿರೇಯಾ ಹತ್ತಿರದ ಬೆಂಚಿನಲ್ಲಿ ಕೂತು ಗಾಳಿ ಬೀಸಿಕೊಳ್ಳತೊಡಗಿದಳು.

ಮೂರನೆಯ ಆಟದಲ್ಲಿ ರೊಸೆಂದೊ ಐದು-ಐದರಿಂದ ಶುರುಮಾಡಿದ. ಶುರುಮಾಡಿದ ಸಂಖ್ಯೆ ಅವನಲ್ಲಿ ಹೇರಳವಾಗಿದೆ ಎಂದೇ ಎಲ್ಲರೂ ತಿಳಿಯುವುದು. ಆದರೆ ತನ್ನ ಎರಡನೆಯ ಸರದಿಯಲ್ಲಿ ಅವನೇ ಐದು-ಮೂರನ್ನಿಟ್ಟು, ಉಳಿದಿದ್ದ ಐದರ ತುದಿಯನ್ನು ಮುಚ್ಚಿಬಿಟ್ಟ. ಹಾಗೆ ಮುಚ್ಚಿದರೆ ಐದು ಮುಗಿಯಿತು ಎಂದು ಲೋಕ ಓದುತ್ತದೆ. ದೋನ್ ತೆಲ್ಮೊ ನಿರಾಳವಾಗಿ ಬೆನ್ನು ಒರಗಿಸಿದ.

ಎಲೀಹಿಯೊ ಮಾತ್ರ ನೆಟ್ಟಗೆ ಕೂತ. ತನ್ನ ಸಂಖ್ಯೆಯನ್ನು ತಾನೇ ಮುಚ್ಚಿದರೆ 'ನನ್ನಲ್ಲಿ ಇನ್ನೂ ಬೇಕಾದಷ್ಟಿದೆ, ಆ ತುದಿಯನ್ನು ಮತ್ತೆ ತೆರೆ' ಎಂಬ ಅರ್ಥ ಕೊಟ್ಟವರು ಇಬ್ಬರೇ: ತಾನು, ಉಬಾಲ್ದೊ. ಎಲೀಹಿಯೊನ ಮನೆಯ ಜಗಲಿಯಲ್ಲಿ, ಹನ್ನೆರಡು ವರ್ಷದ ಭಾನುವಾರಗಳಲ್ಲಿ ಅದನ್ನು ಕಟ್ಟಿದ್ದರು. ಎಲೀಹಿಯೊ ಅದನ್ನು ಸ್ವಂತ ತಮ್ಮನಿಗೂ ಹೇಳಿರಲಿಲ್ಲ.

ಕಾಕತಾಳೀಯವಿರಬಹುದು. ಅವನು ಇನ್ನೊಂದು ತುದಿಗೆ ಎರಡು-ಸೊನ್ನೆಯನ್ನಿಟ್ಟು, ಉಬಾಲ್ದೊನ ಕೈಯನ್ನೇ ನೋಡಿದ.

ಉಬಾಲ್ದೊ ಯೋಚಿಸಲೇ ಇಲ್ಲ. ಸೊನ್ನೆ-ಐದನ್ನಿಟ್ಟು ಐದರ ತುದಿಯನ್ನು ಮತ್ತೆ ತೆರೆದ. ಮುದುಕ ಮೂರಕ್ಕೆ ಮೂರು-ಆರು ಹಚ್ಚಿದ. ರೊಸೆಂದೊ ಆ ಆರಕ್ಕೆ ಆರು-ಐದನ್ನು ಕುಕ್ಕಿದ. ಈಗ ಎರಡು ತುದಿಯಲ್ಲೂ ಐದು.

ಎಲೀಹಿಯೊ ಬೆರಳಗಂಟಿನಿಂದ ಮೇಜು ಬಡಿದ: ಪಾಸು. ಉಬಾಲ್ದೊ ಪಾಸು. ಮುದುಕ ಬೈಯುತ್ತಾ ಪಾಸು. ಉಳಿದ ಎರಡು ಐದೂ ರೊಸೆಂದೊನಲ್ಲೇ ಇದ್ದವು; ಆಟ ಅವನ ಕಡೆಗೇ ಹೋಯಿತು.

"ಅಯ್ಯೋ ಕಳ್ಳ! ಐದೆಲ್ಲ ಹೊಟ್ಟೇಲಿಟ್ಕೊಂಡು ಉಪವಾಸ ಇದ್ದೋನ ಥರ ಮುಖ ಮಾಡ್ದ," ಎಂದು ದೋನ್ ತೆಲ್ಮೊ ಬಿಲ್ಲೆಗಳನ್ನು ಕಲಸತೊಡಗಿದ.

ಎಲೀಹಿಯೊ ಕಲಸಲು ಕೈ ಹಾಕಲಿಲ್ಲ. "ಕಂಪಾದ್ರೆ, ಇವರು ನಿಮಗೆ ಎಷ್ಟು ದಿನದ ಪರಿಚಯ?"

ಉತ್ತರ ಬಂದದ್ದು ರೊಸೆಂದೊನಿಂದ. "ನೀವಿನ್ನೂ ಹೇಳಿಲ್ವಾ ಉಬಾಲ್ದೊ? ಕರ್ಕೊಂಡು ಬರೋ ಮೊದ್ಲೇ ಹೇಳ್ತೀನಿ ಅಂದಿದ್ರಿ."

"ಊಟ ಆದ್ಮೇಲೆ ಅಂತಿದ್ದೆ." ಉಬಾಲ್ದೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನವೆಂಬರಿಗೆ ಹೆಸರು ಕೊಟ್ಟಾಯ್ತು ಕಂಪಾದ್ರೆ. ನಾನು, ಇವರು. ಹೋದ ವರ್ಷ ನೀವು ನಾಲ್ಕು ಅಂತ ಐದನ್ನ ಇಟ್ರಿ. ಸೋತದ್ದು ಅಲ್ಲೇ."

"ಆಗ ಕಣ್ಣಿಗೆ ಪೊರೆ ಬಂದಿತ್ತು. ಈಗ ತೆಗ್ಸಿದೀನಿ."

"ನೀವು ತೆಗೆಸ್ಕೋತೀರಾ ಅಂತ ನಾನೇನು ಕನಸು ಕಂಡಿದ್ನಾ? ನಾಲ್ಕು ವರ್ಷ ಹೇಳ್ದೆ, ಡಾಕ್ಟ್ರು ಅಂದ್ರೆ ಓಡ್ತಿದ್ರಿ. ಇವರು ಏಪ್ರಿಲ್‌ನಲ್ಲಿ ಕೇಳಿದ್ರು, ಹೂಂ ಅಂದ್ಬಿಟ್ಟೆ."

"ನಿಮ್ಮ ಆಟ ನೀವು ಯಾರ ಜೊತೆ ಬೇಕಾದ್ರೂ ಆಡಿ. ನನ್ನ ಜಗಲೀಲಿ ಕಟ್ಟಿದ್ದನ್ನ ಯಾಕೆ ಕೊಟ್ರಿ?"

ಉಬಾಲ್ದೊ ಟೋಪಿಯ ಅಂಚನ್ನು ತಿರುವತೊಡಗಿದ. ಏಪ್ರಿಲಿನಿಂದೀಚೆಗೂ ಅವನು ಪ್ರತಿ ಭಾನುವಾರ ಆ ಜಗಲಿಗೆ ಬಂದಿದ್ದ, ಮಿರೇಯಾಳ ಕಾಫಿ ಕುಡಿದಿದ್ದ, ನವೆಂಬರಿನ ಮಾತಿಗೆಲ್ಲ ತಲೆಯಾಡಿಸಿದ್ದ. ಎಲೀಹಿಯೊ ಬೆಂಚಿನ ಕಡೆ ತಿರುಗಿದ. ಮಿರೇಯಾಳ ಬೀಸಣಿಗೆ ನಿಂತಿತ್ತು. ಅವಳು ಪಾರಿವಾಳಗಳನ್ನು ನೋಡುತ್ತಿದ್ದಳು.

"ನಿಂಗೂ ಗೊತ್ತಾ?"

"ಇಲ್ಲಿ, ನಾಲ್ಕು ಜನರ ಮುಂದೆ ಯಾಕ್ರೀ..."

"ಗೊತ್ತಾ, ಇಲ್ವಾ?"

"ಸಂತೋಷವಾಗಿರೋ ಹೊತ್ನಲ್ಲಿ ಹೇಳ್ತೀನಿ ಕೊಮಾದ್ರೆ ಅಂದ್ರು. ಒಂದೆರಡು ದಿನ ಸುತ್ತಾಡಿದ್ರೆ ನಿಮ್ಗೂ ಮನಸ್ಸು ಹಗುರಾಗುತ್ತೆ ಅಂತ..."

ಎಲೀಹಿಯೊಗೆ ಬೆಳಗಿನ ಪ್ರಯಾಣವೆಲ್ಲ ಬೇರೆಯಾಗಿ ಕಂಡಿತು: ದಾರಿಯಲ್ಲಿ ಮುಂದಿನ ಸೀಟನ್ನು ತನಗೆ ಬಿಟ್ಟುಕೊಟ್ಟದ್ದು, ಕೆಥೆಡ್ರಲ್ಲಿನಲ್ಲಿ ಇಬ್ಬರೂ ಹಿಂದೆ ಉಳಿದು ಪಿಸುಗುಟ್ಟಿದ್ದು. ಕೂಗಾಡಬೇಕೆನಿಸಿತು. ಆದರೆ ಮಗಳನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಂತವನ ಮೇಲೆ, ನಡುಬೀದಿಯಲ್ಲಿ, ಬಾಯಿ ಮಾಡುವುದು ಅವನಿಂದಾಗುವ ಕೆಲಸವಲ್ಲ.

"ಆಡ್ತೀರೋ, ಇಲ್ಲಾ ಶ್ರಾದ್ಧ ಮಾಡ್ತೀರೋ?" ಎಂದ ದೋನ್ ತೆಲ್ಮೊ. ಆ ಮೇಜಿನಲ್ಲಿ ಶುರುಮಾಡುವ ಹಕ್ಕು ಸರದಿಯಂತೆ ತಿರುಗುತ್ತಿತ್ತು. "ಏ ಮೋಕಾ, ಶುರು ನಿಂದು."

ಎಲೀಹಿಯೊ ಏಳು ಬಿಲ್ಲೆ ಎತ್ತಿಕೊಂಡ. ಅವುಗಳಲ್ಲಿ ಮೂರಿರುವ ಬಿಲ್ಲೆಗಳು ಎರಡೇ. ಮೂರು-ಮೂರರಿಂದ ಶುರುಮಾಡಿದ. ಎರಡನೆಯ ಸರದಿಯಲ್ಲಿ ಇನ್ನೊಂದನ್ನೂ ಹಾಕಿ ತನ್ನ ಮೂರನ್ನು ತಾನೇ ಮುಚ್ಚಿದ.

ಉಬಾಲ್ದೊ ತಲೆಯೆತ್ತಿ ನೋಡಿದ. ಈಗಿನ ಜೊತೆಗಾರ ಮುದುಕನಾದರೂ ಎಲೀಹಿಯೊನ ಕೈ ಹಳೆಯ ಅಭ್ಯಾಸವನ್ನು ಬಿಟ್ಟಿಲ್ಲ, ಮೂರು ಇನ್ನೂ ಅಲ್ಲೇ ಇವೆ ಎಂದು ಅವನು ತಿಳಿದ. ತುಟಿಯಂಚಿನಲ್ಲಿ ಕನಿಕರದಂಥದ್ದೇನೋ ಬಂತು. ಅಲ್ಲಿಂದಾಚೆಗೆ ಅವನು ಮೂರರ ತುದಿ ತೆರೆಯದಂತೆ ಜೋಪಾನವಾಗಿ ಆಡಿದ. ಕೈಯಲ್ಲಿದ್ದ ಮೂರುಗಳನ್ನು ಬಚ್ಚಿಟ್ಟು, ಒಳ್ಳೆಯ ಬಿಲ್ಲೆಗಳನ್ನೆಲ್ಲ ಅದಕ್ಕಾಗಿ ಸುರಿದ. ರೊಸೆಂದೊ ಹುಬ್ಬು ಗಂಟಿಕ್ಕಿದ. ಕೊನೆಗೆ ಮುದುಕನೇ, ಬೇರೆ ಗತಿಯಿಲ್ಲದೆ, ಮೂರನ್ನು ತೆರೆದ. ರೊಸೆಂದೊ ಇನ್ನೊಂದು ತುದಿಗೆ ಆರನ್ನು ತಂದ.

ಎಲೀಹಿಯೊನ ಸರದಿ. ಅವನು ಮೇಜು ಬಡಿದ.

"ಪಾಸು."

ಉಬಾಲ್ದೊ ಮೇಜಿನ ಮೇಲಿದ್ದ ಮೂರನ್ನು ನೋಡಿದ, ಎಲೀಹಿಯೊನನ್ನು ನೋಡಿದ. "ಮೂರಿಲ್ವಾ ಕಂಪಾದ್ರೆ?"

"ಆಟದಲ್ಲಿ ಮಾತಿಲ್ಲ!" ಎಂದು ಮುದುಕ ಗದರಿದ.

ಹನ್ನೆರಡು ವರ್ಷದಲ್ಲಿ ಎಲೀಹಿಯೊ ಇಟ್ಟ ಬಿಲ್ಲೆ ಉಬಾಲ್ದೊಗೆ ಸುಳ್ಳು ಹೇಳಿದ್ದು ಅದೇ ಮೊದಲು. ಉಬಾಲ್ದೊ ಕೈಯಲ್ಲಿದ್ದುದರಲ್ಲಿ ಒಂದನ್ನು ಎತ್ತಿದ, ಕೆಳಗಿಟ್ಟ, ಮತ್ತೊಂದನ್ನು ಮುಟ್ಟಿದ.

"ಏನ್ ಯೋಚ್ನೆ?" ಎಂದ ರೊಸೆಂದೊ, ತಡೆಯಲಾರದೆ.

ಉಬಾಲ್ದೊಗೆ ಯಾವುದನ್ನು ಇಡಬೇಕೆಂದು ತಿಳಿಯಲಿಲ್ಲ. ಎಲೀಹಿಯೊ ಕಾಯುತ್ತಾ ಕೂತ.